ಮಠ, ಮಂಗಳವಾರದ ಓಪಿಡಿ ಮತ್ತು ನಿಲ್ಲದ ಮನಸ್ಸು

ಬಾಗಲಕೋಟೆ ಜಿಲ್ಲೆಯಲ್ಲಿ ಧ್ಯಾನಕ್ಕೆ ಬರವಿಲ್ಲ. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಬಾಹುಬಲಿ ಮೈಗೆ ಬಳ್ಳಿ ಹಬ್ಬಿಸಿಕೊಂಡು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಅಲುಗದೆ ನಿಂತಿದ್ದಾನೆ. ಐಹೊಳೆಯ ಮೇಗುತಿ ಗುಡ್ಡ ಹತ್ತುವ ದಾರಿಯಲ್ಲಿ ಎರಡಂತಸ್ತಿನ ಬೌದ್ಧ ಚೈತ್ಯ ಸಿಗುತ್ತದೆ. ಹುನಗುಂದ ಸೀಮೆಯಲ್ಲಿ, ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದ ಸುತ್ತ, ಎಡಗೈಯ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ನೋಡುತ್ತ ಕೂಡುವ ರೂಢಿ ಇನ್ನೂ ಮನೆಗಳಲ್ಲಿ ಉಳಿದಿದೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಕಟ್ಟಿದ ಶಿವಯೋಗಮಂದಿರ, ಯೋಗ ಮತ್ತು ಶಾಸ್ತ್ರ ಕಲಿತ ಸ್ವಾಮಿಗಳನ್ನು ನಾಡಿನ ಮಠಗಳಿಗೆ ಕಳಿಸುತ್ತ ಬಂದಿದೆ. ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿಯಲ್ಲಿ ಲಿಂಗೈಕ್ಯರಾಗುವವರೆಗೂ ಈ ಭಾಗದ ಊರುಗಳಲ್ಲಿ ಅವರ ಬೆಳಗಿನ ಪ್ರವಚನ ಇದೆಯೆಂದರೆ ನಸುಕಿನಲ್ಲೇ ಚಾಪೆ ಹಿಡಿದು ಹೊರಡುವವರ ಸಾಲು ಕಾಣುತ್ತಿತ್ತು.

ಬರ ಇರುವುದು ಬೇರೆಯದಕ್ಕೆ. ವಾರಕ್ಕೊಂದು ತಾಸು, ಅದೇ ಚಿಕಿತ್ಸಕರ ಎದುರು, ವರ್ಷಗಟ್ಟಲೆ ಕೂತು ಮಾತಾಡುವ ಮನೋಚಿಕಿತ್ಸೆಗೆ. ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಚಿಕಿತ್ಸೆ ಬೇಕಾಗಿಯೂ ಸಿಗದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರವರೆಗೆ ಇತ್ತು. ಕರ್ನಾಟಕ ಆ ಹನ್ನೆರಡರಲ್ಲಿ ಇರಲಿಲ್ಲ. ಇದ್ದಿದ್ದರೆ ಲೆಕ್ಕ ಬಹಳ ಬದಲಾಗುತ್ತಿತ್ತು ಎನ್ನುವ ಧೈರ್ಯ ನನಗಿಲ್ಲ. ಹೇರಳವಾಗಿರುವುದನ್ನು ಕೊಟ್ಟು ಅಪರೂಪದ್ದರ ಜಾಗ ತುಂಬಿಸುವ ಆಸೆ ಇಂಥಲ್ಲಿ ಸಹಜ. ‘ಡಾಕ್ಟರ್ ಸಾಹೇಬ್ರು ದೂರ ಅದಾರ, ಅಜ್ಜಾರು ಇಲ್ಲೇ ಅದಾರ, ಧ್ಯಾನ ಮಾಡಿದ್ರ ಮನಸು ನಿಂದರತೈತಿ’ ಎಂಬ ಮಾತು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಎಷ್ಟೋ ತೊಂದರೆಗಳಿಗೆ ಅದು ಸರಿಯೂ ಹೌದು. ಆದರೆ ಬಾರ್ಡರ್‌ಲೈನ್ ವ್ಯಕ್ತಿತ್ವ ಸಮಸ್ಯೆ ಎಂದು ಮನೋವೈದ್ಯರು ಕರೆಯುವ ಸಂಕಟದ ಮುಂದೆ ಈ ಮಾತನ್ನು ಇಟ್ಟು ನೋಡಿದರೆ ಅರ್ಧ ಮಾತ್ರ ನಿಲ್ಲುತ್ತದೆ. ಯಾವ ಅರ್ಧ ಎಂಬುದೇ ಈ ಲೇಖನದ ವಿಚಾರ.

ಬಾರ್ಡರ್‌ಲೈನ್ ಎಂಬ ಹೆಸರು ಹಳೆಯದು. ಅಡಾಲ್ಫ್ ಸ್ಟರ್ನ್ ಎಂಬ ಅಮೆರಿಕದ ಮನೋವಿಶ್ಲೇಷಕ 1938ರಲ್ಲೇ ಅದನ್ನು ಬಳಸಿದ್ದ. ಅಮೆರಿಕದ ರೋಗನಿರ್ಣಯ ಕೈಪಿಡಿಗೆ ಅದು ಅಧಿಕೃತವಾಗಿ ಸೇರಿದ್ದು 1980ರಲ್ಲಿ. ಇಂದಿನ ಕೈಪಿಡಿ ಒಂಬತ್ತು ಲಕ್ಷಣಗಳನ್ನು ಕೊಡುತ್ತದೆ, ಐದಿದ್ದರೆ ನಿರ್ಣಯ: ತನ್ನನ್ನು ಬಿಟ್ಟುಹೋಗುತ್ತಾರೆಂಬ ವಿಪರೀತ ಭಯ, ಇಂದು ದೇವರಂತೆ ಕಂಡವರು ನಾಳೆ ವೈರಿಯಂತೆ ಕಾಣುವ ಸಂಬಂಧಗಳು, ತಾನು ಯಾರೆಂಬುದೇ ನೆಲೆಗೊಳ್ಳದಿರುವುದು, ದುಡುಕು, ಮತ್ತೆ ಮತ್ತೆ ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು ಅಥವಾ ಸಾಯುವ ಯತ್ನ, ತಾಸುಗಳಲ್ಲಿ ಏರಿಳಿಯುವ ಭಾವನೆ, ಒಳಗೆಲ್ಲ ಖಾಲಿ ಎನ್ನಿಸುವುದು, ತಡೆಯಲಾಗದ ಸಿಟ್ಟು, ಒತ್ತಡ ಬಂದಾಗ ಸಂಶಯ ಅಥವಾ ತಾನು ತನ್ನ ಮೈಯಲ್ಲೇ ಇಲ್ಲವೆಂಬ ಅನುಭವ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ಹನ್ನೊಂದನೆಯ ರೋಗಪಟ್ಟಿಯಲ್ಲಿ ವ್ಯಕ್ತಿತ್ವ ಸಮಸ್ಯೆಗಳ ಬೇರೆ ಬೇರೆ ಹೆಸರುಗಳನ್ನು ಕೈಬಿಟ್ಟು ಮುಖ್ಯವಾಗಿ ತೀವ್ರತೆಯನ್ನು ಅಳೆಯುತ್ತಾರೆ. ಆದರೂ ‘ಬಾರ್ಡರ್‌ಲೈನ್ ಮಾದರಿ’ ಎಂಬ ಗುರುತನ್ನು ಮಾತ್ರ ಉಳಿಸಿಕೊಂಡರು. ಅದನ್ನು ಬಿಟ್ಟರೆ ಚಿಕಿತ್ಸೆ ನಡೆಯದು ಎಂದು ವೈದ್ಯರೇ ಪಟ್ಟು ಹಿಡಿದಿದ್ದರು.

ನಮ್ಮ ಮನೆಗಳಲ್ಲಿ ಈ ಪಟ್ಟಿ ಯಾರಿಗೂ ಗೊತ್ತಿಲ್ಲ, ಲಕ್ಷಣಗಳು ಗೊತ್ತು. ‘ಒಂದ ಗಳಿಗಿ ಬೆಣ್ಣಿ, ಮರುಗಳಿಗಿ ಬೆಂಕಿ’ ಎನ್ನುತ್ತಾರೆ ಮನೆಯವರು. ಇಳಕಲ್ಲಿನ ಒಂದು ನೇಕಾರರ ಮನೆಯನ್ನು ಊಹಿಸಿಕೊಳ್ಳಿ. ಮಗ್ಗ ಮನೆಯೊಳಗೇ, ಅಂದರೆ ಕೆಲಸದ ಜಾಗವೂ ಜಗಳದ ಜಾಗವೂ ಒಂದೇ, ಎದ್ದು ಹೊರಗೆ ಹೋಗಲು ಆಫೀಸಿಲ್ಲ. ಇಪ್ಪತ್ತರ ಹುಡುಗಿ. ಗೆಳತಿ ಫೋನ್ ಎತ್ತಲಿಲ್ಲವೆಂದು ಮಧ್ಯಾಹ್ನ ಊಟ ಬಿಟ್ಟವಳು ಸಂಜೆಗೆ ಕೈ ಕೊಯ್ದುಕೊಳ್ಳುತ್ತಾಳೆ, ರಾತ್ರಿ ಅದೇ ಗೆಳತಿಯ ಜೊತೆ ನಗುತ್ತ ಮಾತಾಡುತ್ತಾಳೆ. ಹಟಮಾರಿ ಎಂದು ಅಪ್ಪ, ಗಾಳಿ ಸೋಕೈತಿ ಎಂದು ಅಜ್ಜಿ. ಅಂತ್ರ ಕಟ್ಟಿಸುತ್ತಾರೆ, ಅಮಾಸಿಗೆ ದೇವರು ಕೇಳಿಸುತ್ತಾರೆ, ಮದುವೆ ಮಾಡಿದರೆ ಸರಿಹೋದೀತು ಎನ್ನುತ್ತಾರೆ. ಈ ಕೊನೆಯ ಚಿಕಿತ್ಸೆಯಷ್ಟು ಕೆಟ್ಟದ್ದು ಬೇರೊಂದಿಲ್ಲ: ಬಿಟ್ಟುಹೋಗುತ್ತಾರೆಂಬ ಭಯವೇ ಕಾಯಿಲೆಯಾದವಳನ್ನು ಗೊತ್ತಿಲ್ಲದ ಮನೆಗೆ ಕಳಿಸಿ, ತವರಿನ ಬಾಗಿಲು ಹಾಕಿಕೊಂಡಂತೆ. ಗಂಡುಮಕ್ಕಳಿಗೂ ಇದು ಬರುತ್ತದೆ. ಅಮೆರಿಕದ ದೊಡ್ಡ ಜನಸಮೀಕ್ಷೆಯೊಂದರಲ್ಲಿ ಗಂಡಸರಲ್ಲೂ ಹೆಂಗಸರಲ್ಲೂ ಪ್ರಮಾಣ ಹೆಚ್ಚುಕಡಿಮೆ ಸಮವಾಗಿ ಕಂಡಿತ್ತು. ಗಂಡಸರಲ್ಲಿ ಅದು ಕುಡಿತ, ಹೊಡೆದಾಟ, ಬೈಕಿನ ವೇಗಗಳ ಹಿಂದೆ ಅಡಗಿರುವುದರಿಂದ ಆಸ್ಪತ್ರೆಗೆ ಬರುವುದು ಕಡಿಮೆ.

ಈಗ ಒಳ್ಳೆಯ ಸುದ್ದಿ. ಹಿಂದೆ ವೈದ್ಯರೇ ಕೈಬಿಟ್ಟಿದ್ದ ಈ ಕಾಯಿಲೆ ಕಾಲ ಕಳೆದಂತೆ ಇಳಿಯುತ್ತದೆ. ಬಾಸ್ಟನ್ ಹತ್ತಿರದ ಮೆಕ್ಲೀನ್ ಆಸ್ಪತ್ರೆಯಲ್ಲಿ ಮೇರಿ ಜನಾರಿನಿ ಮತ್ತು ಸಂಗಡಿಗರು 290 ರೋಗಿಗಳನ್ನು ಹಿಂಬಾಲಿಸಿದರು. ಹತ್ತು ವರ್ಷಗಳಲ್ಲಿ ಶೇ. 93 ಮಂದಿಗೆ ಕನಿಷ್ಠ ಎರಡು ವರ್ಷ ಲಕ್ಷಣಗಳು ನಿರ್ಣಯದ ಮಟ್ಟಕ್ಕಿಂತ ಕೆಳಗಿಳಿದವು. ಆದರೆ ಲಕ್ಷಣ ಇಳಿದು, ಕೆಲಸ ಹಿಡಿದು, ಒಂದಾದರೂ ಗಟ್ಟಿ ಸಂಬಂಧ ಉಳಿಸಿಕೊಂಡು ನಿಜಕ್ಕೂ ಚೇತರಿಸಿಕೊಂಡವರು ಅರ್ಧದಷ್ಟೇ. ಮಾತ್ರೆಗಳಿಂದ ಹೆಚ್ಚೇನೂ ಆಗುವುದಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಈ ಕಾಯಿಲೆಗೆಂದೇ ಔಷಧಿ ಕೊಡಬೇಡಿ ಎಂದಿತು. ಅಲ್ಲಿಯೇ 276 ಜನರ ಮೇಲೆ ಲ್ಯಾಮೊಟ್ರಿಜಿನ್ ಪರೀಕ್ಷಿಸಿದ 2018ರ ವರದಿಯಲ್ಲಿ ಆ ಮಾತ್ರೆಗೂ ಸಕ್ಕರೆಗುಳಿಗೆಗೂ ವ್ಯತ್ಯಾಸವೇ ಕಾಣಲಿಲ್ಲ. ಜೊತೆಗಿರುವ ಖಿನ್ನತೆಗೆ ಔಷಧಿ ಬೇಕಾಗಬಹುದು, ಅದು ಬೇರೆ ಮಾತು. ಮೂಲದ ಚಿಕಿತ್ಸೆ ಮಾತಿನದೇ.

ಧ್ಯಾನ ಈ ಚಿಕಿತ್ಸೆಯೊಳಗೆ ಬಂದ ಬಗೆ ಕೇಳುವಂಥದ್ದು. ಮಾರ್ಷಾ ಲೈನ್‌ಹನ್ ಹದಿಹರೆಯದಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಊರಿನ ಮಾನಸಿಕ ಆಸ್ಪತ್ರೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಇದ್ದವಳು. ಮೈ ಸುಟ್ಟುಕೊಂಡು, ಕೊಯ್ದುಕೊಂಡು, ಗೋಡೆಗೆ ತಲೆ ಚಚ್ಚಿಕೊಂಡು, ಒಂಟಿ ಕೋಣೆಯಲ್ಲಿ ಕೂಡಿಹಾಕಿಸಿಕೊಂಡವಳು. ಮುಂದೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಆದಳು. ಈ ಕತೆಯನ್ನು ಆಕೆ ಬಹಿರಂಗವಾಗಿ ಹೇಳಿದ್ದು 2011ರಲ್ಲಿ, ತನ್ನ ಚಿಕಿತ್ಸೆ ಜಗತ್ತಿನಲ್ಲೆಲ್ಲ ಹರಡಿದ ಮೇಲೆ. ಮೊದಮೊದಲು ಆಕೆ ಕಟ್ಟಾ ವರ್ತನಾ ಚಿಕಿತ್ಸಕಿ: ತಪ್ಪು ನಡವಳಿಕೆ ಗುರುತಿಸು, ಬದಲಿಸು. ರೋಗಿಗಳು ಸಿಡಿದೆದ್ದರು. ‘ನೀನು ಬದಲಾಗು’ ಎಂಬ ಮಾತು ಅವರ ಕಿವಿಗೆ ಮನೆಯಲ್ಲಿ ದಿನಾ ಕೇಳುತ್ತಿದ್ದ ‘ನೀನು ಸರಿಯಿಲ್ಲ’ ಎಂಬ ಮಾತೇ ಆಗಿತ್ತು. ಬರೀ ಸಮಾಧಾನ ಹೇಳಿದರೆ ‘ನನ್ನ ನರಕ ನಿಮಗೆ ತಿಳಿಯಲೇ ಇಲ್ಲ’ ಎಂದು ಇನ್ನಷ್ಟು ಕುಸಿಯುತ್ತಿದ್ದರು. ಇದ್ದದ್ದನ್ನು ಇದ್ದಂತೆ ಒಪ್ಪಿಕೊಳ್ಳುವುದನ್ನು ಕಲಿಸಬೇಕಿತ್ತು. ಅದನ್ನು ಕಲಿಸುವ ವಿದ್ಯೆ ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ಇರಲಿಲ್ಲ. ಕ್ಯಾಥೊಲಿಕ್ ಭಕ್ತೆಯಾಗಿದ್ದ ಆಕೆ 1983ರಲ್ಲಿ ಕ್ಯಾಲಿಫೋರ್ನಿಯಾದ ಶಾಸ್ತಾ ಅಬ್ಬಿ ಎಂಬ ಝೆನ್ ಮಠಕ್ಕೆ ಹೋಗಿ ಕೂತಳು, ಆಮೇಲೆ ಜರ್ಮನಿಯ ವಿಲಿಗಿಸ್ ಯೇಗರ್ ಎಂಬ ಪಾದ್ರಿ-ಝೆನ್ ಗುರುವಿನಲ್ಲಿ ಕಲಿತಳು.

ಮಠದಿಂದ ಕ್ಲಿನಿಕ್ಕಿಗೆ ಏನು ತಂದಳು, ಏನು ಬಿಟ್ಟಳು ಎಂಬುದು ನಮಗೆ ಬಹಳ ಮುಖ್ಯ. ಗಂಟೆಗಟ್ಟಲೆ ಕೂಡುವುದನ್ನು ಬಿಟ್ಟಳು. ಮೋಕ್ಷ, ಶೂನ್ಯ, ಜಪ, ಗುರುಭಕ್ತಿ ಬಿಟ್ಟಳು. ಆಕೆಯ ರೋಗಿಗಳು ಐದು ನಿಮಿಷ ಉಸಿರು ನೋಡುತ್ತ ಕೂಡಲೂ ಆಗದವರು. ಅವರಿಗಾಗಿ ಧ್ಯಾನವನ್ನು ಸಣ್ಣ ಸಣ್ಣ ಕೆಲಸಗಳಾಗಿ ಒಡೆದಳು: ಗಮನಿಸು, ಕಂಡದ್ದಕ್ಕೆ ಹೆಸರಿಡು, ಮಾಡುವುದರಲ್ಲಿ ಪೂರ್ತಿ ತೊಡಗು, ತೀರ್ಪು ಕೊಡದೆ ಮಾಡು, ಒಂದು ಸಲಕ್ಕೆ ಒಂದನ್ನೇ ಮಾಡು, ಉಪಯೋಗವಾಗುವಂತೆ ಮಾಡು. ಪಾತ್ರೆ ತಿಕ್ಕುತ್ತ ಮಾಡಬಹುದು, ಇಳಕಲ್ಲಿನಲ್ಲಾದರೆ ಲಾಳಿ ಓಡಿಸುತ್ತ ಮಾಡಬಹುದು. ‘ನಾನು ಕೆಟ್ಟವಳು’ ಎಂಬುದು ತೀರ್ಪು. ‘ಎದೆಯಲ್ಲಿ ಬಿಸಿ ಏರುತ್ತಿದೆ, ಕೈ ಕೊಯ್ದುಕೊಳ್ಳುವ ಆಸೆ ಬಂದಿದೆ’ ಎಂಬುದು ಗಮನ. ಈ ಎರಡರ ನಡುವೆ ಒಂದು ಸಣ್ಣ ಸಂದು ಬೀಳುತ್ತದೆ, ಆಸೆ ಏರಿ ತಾನೇ ಇಳಿಯಲು ಅಷ್ಟು ಸಾಕಾಗುತ್ತದೆ. ಈ ಸಂದನ್ನು ಬಿಡಿಸಿಕೊಡುವುದಷ್ಟೇ ಇಲ್ಲಿ ಧ್ಯಾನದ ಕೆಲಸ. ಆ ಸಂದಿನಲ್ಲಿ ಮುಂದೇನು ಮಾಡಬೇಕೆಂದು ಕಲಿಸುವುದು ಉಳಿದ ಚಿಕಿತ್ಸೆ: ಸಂಕಟ ತಡೆದುಕೊಳ್ಳುವ, ಭಾವನೆ ಹದಗೊಳಿಸುವ, ಸಂಬಂಧ ಕೆಡಿಸಿಕೊಳ್ಳದೆ ಬೇಕಾದ್ದನ್ನು ಕೇಳುವ ಮೂರು ಪಾಠಗಳು. ಜೊತೆಗೆ ವಾರಕ್ಕೊಮ್ಮೆ ಚಿಕಿತ್ಸಕರೊಡನೆ ಮಾತು, ವಾರಕ್ಕೊಮ್ಮೆ ಗುಂಪಿನ ತರಗತಿ, ಬಿಕ್ಕಟ್ಟಿನಲ್ಲಿ ಫೋನು, ಚಿಕಿತ್ಸಕರು ಸೋತುಹೋಗದಂತೆ ಅವರದೇ ಒಂದು ಸಭೆ. ಒಂದು ವರ್ಷ. ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಡಿಬಿಟಿ, ಎಂದು ಹೆಸರಾದ ಇದರ ಮೊದಲ ಪರೀಕ್ಷಾ ವರದಿ 1991ರಲ್ಲಿ ಬಂತು, ಕೈಪಿಡಿ 1993ರಲ್ಲಿ.

ಧ್ಯಾನ ಈ ಇಡೀ ಕಟ್ಟಿನ ಒಂದು ಭಾಗ. ಆ ಭಾಗದ ಪಾಲೆಷ್ಟು ಎಂದು ಬೇರ್ಪಡಿಸಿ ತೂಗಿದವರು ಕಡಿಮೆ. ಲೈನ್‌ಹನ್ ಸ್ವತಃ 2015ರಲ್ಲಿ ಡಿಬಿಟಿಯನ್ನು ಬಿಡಿಸಿ ನೋಡಿದಳು. ಕೌಶಲಗಳ ತರಗತಿ ಇದ್ದ ಗುಂಪುಗಳಲ್ಲಿ ಮೈಗೆ ಗಾಯ ಮಾಡಿಕೊಳ್ಳುವುದು ಹೆಚ್ಚು ಇಳಿಯಿತು, ಬರೀ ಮಾತುಕತೆ ಇದ್ದ ಗುಂಪಿನಲ್ಲಿ ಅಷ್ಟು ಇಳಿಯಲಿಲ್ಲ. ಆದರೆ ಕೌಶಲವೆಂದರೆ ಧ್ಯಾನವೊಂದೇ ಅಲ್ಲ. ಅದನ್ನು ಒಂಟಿಯಾಗಿ ತೂಗಿದ್ದು ಬಾರ್ಸಿಲೋನಾದ ಸಂತ್ ಪೌ ಆಸ್ಪತ್ರೆಯ ಹೊಆಕಿಮ್ ಸೊಲೆರ್ ಬಳಗ. 2016ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ 64 ರೋಗಿಗಳು. ಅರ್ಧ ಮಂದಿಗೆ ಹತ್ತು ವಾರ ಧ್ಯಾನದ ಪಾಠ, ಉಳಿದವರಿಗೆ ಸಂಬಂಧ ನಿಭಾಯಿಸುವ ಪಾಠ. ಧ್ಯಾನದ ಗುಂಪಿನಲ್ಲಿ ಕಾಯಿಲೆಯ ಲಕ್ಷಣಗಳು ಹೆಚ್ಚು ಇಳಿದವು. ಅದೇ ಬಳಗ ಮರುವರ್ಷ 32 ರೋಗಿಗಳಿಗೆ ಮೈತ್ರಿ-ಕರುಣೆಯ ಧ್ಯಾನ ಕಲಿಸಿ ನೋಡಿತು, ತನ್ನನ್ನು ತಾನೇ ಹಳಿದುಕೊಳ್ಳುವುದು ಕಡಿಮೆಯಾಯಿತು. ನನ್ನನ್ನು ಕೇಳಿದರೆ ಸಣ್ಣದಾದರೂ ಈ ಎರಡನೆಯ ಫಲಿತಾಂಶಕ್ಕೆ ತೂಕ ಹೆಚ್ಚು. ಈ ರೋಗಿಗಳ ಮೂಲ ವೇದನೆ ಗಮನ ಚದುರುವುದಲ್ಲ, ತನ್ನ ಮೇಲಿನ ತನ್ನದೇ ದ್ವೇಷ.

ಉಬ್ಬುವ ಮುನ್ನ ಇನ್ನೆರಡು ಸಂಗತಿ. 2020ರ ಕಾಕ್ರೇನ್ ವಿಮರ್ಶೆ 75 ಪರೀಕ್ಷೆಗಳನ್ನು, 4,507 ರೋಗಿಗಳನ್ನು ಒಟ್ಟುಹಾಕಿ ನೋಡಿತು. ಮನೋಚಿಕಿತ್ಸೆಯಿಂದ ಲಕ್ಷಣ ಇಳಿಯುತ್ತದೆ, ಆದರೆ ಪುರಾವೆಯ ಗುಣಮಟ್ಟ ಅಷ್ಟು ಗಟ್ಟಿಯಲ್ಲ ಎಂಬುದು ಅದರ ಒಟ್ಟು ಮಾತು. ಟೊರಾಂಟೋದಲ್ಲಿ ಶೆಲ್ಲಿ ಮೆಕ್‌ಮೇನ್ 2009ರಲ್ಲಿ ಪ್ರಕಟಿಸಿದ ಪರೀಕ್ಷೆ ನಮ್ಮಂಥ ಜಿಲ್ಲೆಗಳಿಗೆ ಇನ್ನೂ ಹತ್ತಿರದ್ದು. 180 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಡಿಬಿಟಿ. ಉಳಿದವರಿಗೆ ಈ ಕಾಯಿಲೆಯನ್ನು ಬಲ್ಲ ಸಾಮಾನ್ಯ ಮನೋವೈದ್ಯರು ವಾರಕ್ಕೊಮ್ಮೆ ನೋಡಿ, ಕಾಯಿಲೆ ಏನೆಂದು ವಿವರಿಸಿ, ಬಿಕ್ಕಟ್ಟಿಗೊಂದು ಯೋಜನೆ ಮಾಡಿಕೊಟ್ಟು, ಬೇಕಾದರಷ್ಟೇ ಔಷಧಿ ಕೊಡುವ ವ್ಯವಸ್ಥೆ. ಅದರಲ್ಲಿ ಧ್ಯಾನದ ಪಾಠವಿರಲಿಲ್ಲ. ವರ್ಷದ ಕೊನೆಗೆ ಎರಡೂ ಕಡೆ ಸುಧಾರಣೆ ಸಮನಾಗಿತ್ತು. ಅಂದರೆ ಧ್ಯಾನವಿಲ್ಲದೆಯೂ ಜನ ಸುಧಾರಿಸುತ್ತಾರೆ, ಒಬ್ಬರು ನಿಗದಿಯಾಗಿ ನೋಡಿಕೊಳ್ಳುತ್ತಿದ್ದರೆ. ಯಾರೂ ನೋಡಿಕೊಳ್ಳದೆ ಧ್ಯಾನ ಮಾತ್ರ ಇದ್ದು ಸುಧಾರಿಸಿದರೆಂಬ ಗಟ್ಟಿ ಪುರಾವೆಯನ್ನು ನಾನು ಎಲ್ಲಿಯೂ ಓದಿಲ್ಲ.

ನಮ್ಮಲ್ಲಿಯೂ ಸಂಶೋಧನೆಗೆ ಕೊರತೆಯಿಲ್ಲ, ಆದರೆ ಅದು ಬೇರೆ ಕಾಯಿಲೆಗಳದು. ನಿಮ್ಹಾನ್ಸ್‌ನ ಜಾನಕಿರಾಮಯ್ಯ, ಬಿ.ಎನ್. ಗಂಗಾಧರ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ತೀವ್ರ ಖಿನ್ನತೆಯ 45 ಒಳರೋಗಿಗಳಿಗೆ ಸುದರ್ಶನ ಕ್ರಿಯೆಯ ಉಸಿರಾಟ, ಇಮಿಪ್ರಮಿನ್ ಮಾತ್ರೆ, ವಿದ್ಯುತ್ ಚಿಕಿತ್ಸೆಗಳನ್ನು ಹಂಚಿಕೊಟ್ಟರು. ನಾಲ್ಕು ವಾರದಲ್ಲಿ ಕ್ರಿಯೆಯಿಂದ ಶೇ. 67, ಮಾತ್ರೆಯಿಂದ ಶೇ. 73, ವಿದ್ಯುತ್ ಚಿಕಿತ್ಸೆಯಿಂದ ಶೇ. 93 ಮಂದಿ ಚೇತರಿಸಿಕೊಂಡರು. ‘ಉಸಿರಾಟ ಮಾತ್ರೆಗೆ ಸಮ’ ಎಂದು ಇದನ್ನು ವೇದಿಕೆಗಳಲ್ಲಿ ಹೇಳುವುದನ್ನು ಕೇಳಿದ್ದೇವೆ. ವೇದಿಕೆಯ ಮೇಲೆ ಮೂರನೆಯ ಅಂಕಿ ಕಳಚಿಬೀಳುತ್ತದೆ. ಅವರೆಲ್ಲ ಆಸ್ಪತ್ರೆಯ ಹಾಸಿಗೆಯಲ್ಲಿ, ವೈದ್ಯರ ಕಣ್ಣೆದುರು ಇದ್ದವರೆಂಬ ಮಾತೂ ಕಳಚಿಬೀಳುತ್ತದೆ. ಖಿನ್ನತೆಯ ಲೆಕ್ಕವನ್ನು ಬಾರ್ಡರ್‌ಲೈನ್‌ಗೆ ಎರವಲು ತರುವಂತೆಯೂ ಇಲ್ಲ. ಸ್ವತಃ ಯೋಗ ಕಲಿತು, ಸಾಧುಗಳ ನಡುವೆ ಓಡಾಡಿದ ನಿಮ್ಹಾನ್ಸ್‌ನ ಮನೋವೈದ್ಯ ಆರ್.ಎಲ್. ಕಪೂರ್ ಇಂಥ ಉತ್ಸಾಹದಿಂದ ದೂರವಿದ್ದರು. ಕೋಟ ಊರಿನಲ್ಲಿ ಮನೋವೈದ್ಯ ಕಾರ್‌ಸ್ಟೇರ್ಸ್ ಜೊತೆ ಮನೆಮನೆ ತಿರುಗಿ ಮಾನಸಿಕ ಕಾಯಿಲೆ ಎಣಿಸಿದ್ದ ಮನುಷ್ಯ ಅವರು.

ಧ್ಯಾನದಿಂದ ಹಾನಿಯೂ ಆಗುತ್ತದೆ. 2020ರಲ್ಲಿ ಮಿಗೆಲ್ ಫರಿಯಾಸ್ ಮತ್ತು ಸಂಗಡಿಗರು 83 ಅಧ್ಯಯನಗಳನ್ನು ಜಾಲಾಡಿ, ಧ್ಯಾನಿಗಳಲ್ಲಿ ಸುಮಾರು ಶೇ. 8 ಮಂದಿಗೆ ಆತಂಕ, ಖಿನ್ನತೆಯಂಥ ತೊಂದರೆ ಕಂಡದ್ದನ್ನು ವರದಿ ಮಾಡಿದರು. ಬಾರ್ಡರ್‌ಲೈನ್ ಇರುವವರಲ್ಲಿ ಬಹಳ ಜನ ಬಾಲ್ಯದಲ್ಲಿ ಹಿಂಸೆ, ಲೈಂಗಿಕ ದೌರ್ಜನ್ಯ ಅಥವಾ ಅನಾದರ ಕಂಡವರು. ಕಣ್ಣು ಮುಚ್ಚಿ, ಮೌನವಾಗಿ, ಮೈಯೊಳಗೆ ಗಮನ ಹರಿಸು ಎಂದರೆ ಅವರ ಮೈಯೊಳಗಿಂದ ಮೊದಲು ಎದ್ದು ಬರುವುದು ಶಾಂತಿಯಲ್ಲ, ಆ ಹಳೆಯ ದಿನ. ಕೆಲವರು ಮೈಯಿಂದ ಹೊರಗೆ ಜಾರುತ್ತಾರೆ. ಕೂತವರು ಅಲುಗದಿದ್ದರೆ ನೋಡುವವರಿಗೆ ‘ಸಮಾಧಿ ಹತ್ತೈತಿ’ ಎಂದು ಕಾಣುತ್ತದೆ. ಹತ್ತು ದಿನದ ಮೌನ ಶಿಬಿರಗಳನ್ನು ನಡೆಸುವ ಗೋಯೆಂಕಾ ಪರಂಪರೆಯ ವಿಪಸ್ಸನಾ ಕೇಂದ್ರಗಳು ಗಂಭೀರ ಮಾನಸಿಕ ಕಾಯಿಲೆ ಇರುವವರು ಬರಬೇಡಿರೆಂದು ತಾವಾಗಿಯೇ ಹೇಳುತ್ತವೆ. ಅದು ಪ್ರಾಮಾಣಿಕ ಮಾತು. ಆ ಮಾತು ಬರೆದಿರುವ ಅರ್ಜಿಯನ್ನು ತುಂಬುವಾಗ ಮನೆಯವರು ಮಗಳ ಕಾಯಿಲೆ ಮುಚ್ಚಿಟ್ಟರೆ ಕೇಂದ್ರದವರು ಏನು ಮಾಡಲಾದೀತು?

ಈ ಲೆಕ್ಕದಲ್ಲಿ ನೋಡಿದರೆ ನಮ್ಮ ಸೀಮೆಯ ಇಷ್ಟಲಿಂಗದ ರೂಢಿಯಲ್ಲಿ ಒಂದು ಅನುಕೂಲವಿದೆ. ಅದು ಕಣ್ಣು ತೆರೆದ ಧ್ಯಾನ. ಅಂಗೈಯಲ್ಲಿ ಮುಟ್ಟಬಹುದಾದ, ತೂಕವಿರುವ ಒಂದು ವಸ್ತು, ಅದರ ಕರಿಯ ಹೊಳಪಿನ ಮೇಲೆ ದೀಪದ ಬೆಳಕಿನ ಒಂದು ಬಿಂದು, ನೋಟ ಅಲ್ಲಿ. ಮನೆಯಲ್ಲೇ, ಸ್ನಾನವಾದ ಮೇಲೆ, ಸ್ವಲ್ಪ ಹೊತ್ತು. ಮೈಯಿಂದ ಜಾರುವ ರೋಗಿಗೆ ಚಿಕಿತ್ಸಕರು ಹೇಳುವುದೂ ಇಂಥದ್ದನ್ನೇ: ಕಣ್ಣು ತೆರೆ, ಕೈಯಲ್ಲಿ ಏನಾದರೂ ಹಿಡಿ, ಅದರ ತಂಪು, ತೂಕ, ಬಣ್ಣ ಹೇಳು. ಹೋಲಿಕೆ ಇದೆ ಎಂದಷ್ಟೇ ನನ್ನ ಮಾತು. ಇಷ್ಟಲಿಂಗಪೂಜೆಯಿಂದ ಬಾರ್ಡರ್‌ಲೈನ್ ಗುಣವಾಗುತ್ತದೆಂದಲ್ಲ. ಈಗಾಗಲೇ ಲಿಂಗ ಕಟ್ಟಿಕೊಂಡಿರುವ ರೋಗಿಗೆ ಚಿಕಿತ್ಸಕರು ಹೊಸದೊಂದು ಧ್ಯಾನ ಹೇರುವ ಬದಲು ‘ಬೆಳಗ್ಗೆ ಪೂಜಾಕ್ಕ ಕುಂತಾಗ ಏನಾಗತೈತಿ, ಹೇಳವಾ’ ಎಂದು ಅಲ್ಲಿಂದಲೇ ಶುರುಮಾಡಬಹುದು. ಮುಸ್ಲಿಂ ಮನೆಯ ಹುಡುಗನಿಗೆ ತಸಬಿ ಆ ಕೆಲಸ ಮಾಡೀತು. ಯಾವ ನಂಬಿಕೆಯೂ ಇಲ್ಲದವರಿಗೆ ಒಂದು ನದಿಗಲ್ಲು ಸಾಕು.

ಪರಂಪರೆಯವರು ಮರೆಯಬಾರದ ಇನ್ನೊಂದು ಮಾತು: ಅವರಲ್ಲೂ ಧ್ಯಾನ ಒಂಟಿಯಾಗಿ ಇರಲಿಲ್ಲ. ಲಿಂಗ ಸಿಗುತ್ತಿದ್ದದ್ದು ಗುರುವಿನ ಕೈಯಿಂದ, ಅದರ ಜೊತೆ ಕಾಯಕ ಮತ್ತು ದಾಸೋಹ. ಶಿವಯೋಗಮಂದಿರದಲ್ಲಿ ವಟುಗಳು ವರ್ಷಗಟ್ಟಲೆ ಊಟ, ನಿದ್ದೆ, ಓದು, ದುಡಿಮೆಗಳ ಕಟ್ಟಿನೊಳಗೆ, ತಮ್ಮನ್ನು ಹೆಸರು ಹಿಡಿದು ಕರೆಯುವ ಹಿರಿಯರ ಕಣ್ಣಳತೆಯಲ್ಲಿ ಕಲಿಯುತ್ತಾರೆ. ಕಟ್ಟು ಕಳಚಿ ಧ್ಯಾನವನ್ನು ಮಾತ್ರ ಮೊಬೈಲಿನ ಆ್ಯಪಿನಲ್ಲಿ ಮಾರುವುದು ಈ ಕಾಲದವರ ಕೆಲಸ. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲೇ ಗುರು-ಶಿಷ್ಯ ಸಂಬಂಧ ಭಾರತದ ಮನೋಚಿಕಿತ್ಸೆಗೆ ಮಾದರಿಯಾಗಬಲ್ಲದೆಂದು ಬರೆದಿದ್ದರು. ಅವರ ಮಾತಿಗೆ ಒಂದು ಎಚ್ಚರಿಕೆ ಸೇರಿಸಬೇಕು. ಇಂದು ದೇವರು, ನಾಳೆ ವೈರಿ ಎಂಬ ನೋಟದ ರೋಗಿ ಗುರುವನ್ನು ಮೊದಲ ದಿನವೇ ದೇವರ ಪೀಠಕ್ಕೆ ಏರಿಸುತ್ತಾಳೆ. ಆ ಪೀಠ ಹಿತವೆನಿಸಿ ಅಲ್ಲೇ ಕೂತ ಗುರು, ಒಂದು ದಿನ ಫೋನ್ ಎತ್ತದಿದ್ದಾಗ ಏನಾಗುತ್ತದೆಂದು ಊಹಿಸಿರುವುದಿಲ್ಲ. ಡಿಬಿಟಿಯಲ್ಲಿ ಚಿಕಿತ್ಸಕರಿಗೇ ಒಂದು ಸಭೆ ಇರುವುದು ಇದಕ್ಕೆ. ಮಠದಲ್ಲಿ ಆ ಸಭೆ ಇಲ್ಲ.

ಇಳಕಲ್ಲಿಗೆ ಬಂದರೆ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ ಹಿಡಿದು ಹೊರಟರು. ಭಿಕ್ಷೆಯಾಗಿ ಕಾಳುಕಡಿ ಕೇಳಲಿಲ್ಲ, ಕುಡಿತ, ತಂಬಾಕು ಹಾಕಿರೆಂದರು. 2018ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಜೋಳಿಗೆ ನಾಡೆಲ್ಲ ತಿರುಗಿತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಊರ ಎದುರು, ಪೂಜ್ಯರೊಬ್ಬರ ಕೈಗೆ ಮಾತು ಕೊಡುವುದಕ್ಕೆ ಬಲವಿದೆ. ಎಷ್ಟೋ ಮನೆಗಳು ಅದರಿಂದ ಉಳಿದಿವೆ. ಮಗಳು ಕೈ ಕೊಯ್ದುಕೊಳ್ಳುವುದನ್ನೂ ಹೀಗೆ ಜೋಳಿಗೆಗೆ ಹಾಕಿಸಬಹುದೆಂದು ತಾಯಿಯೊಬ್ಬಳಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಹಾಕಿಸಬಾರದು ಎನ್ನುತ್ತೇನೆ. ಕುಡುಕ ಆಣೆ ಮುರಿದರೆ ನಾಚಿಕೆಯಾಗುತ್ತದೆ, ಕೆಲವರು ಮತ್ತೆ ಎದ್ದು ಬರುತ್ತಾರೆ. ಬಾರ್ಡರ್‌ಲೈನ್ ಮನಸ್ಸಿಗೆ ಆ ನಾಚಿಕೆಯೇ ಕಿಡಿ. ‘ಅಜ್ಜಾರಿಗೆ ಕೊಟ್ಟ ಮಾತೂ ಉಳಿಸಿಕೊಳ್ಳಲಿಲ್ಲ, ನಾ ಬದುಕಿ ಏನು ಉಪಯೋಗ’ ಎಂಬಲ್ಲಿಗೆ ಅದು ಒಂದೇ ಹೆಜ್ಜೆಯಲ್ಲಿ ಮುಟ್ಟುತ್ತದೆ. ವ್ಯಸನವೂ ಬಾರ್ಡರ್‌ಲೈನೂ ಎರಡೂ ಇರುವವರಿಗಾಗಿ ಲೈನ್‌ಹನ್ ಬಳಗ ಒಂದು ನಡು ದಾರಿ ಕಂಡುಕೊಂಡಿತು: ಬಿಡುವ ಸಂಕಲ್ಪ ಪೂರ್ತಿ ಇರಲಿ, ಜಾರಿದರೆ ಏನು ಮಾಡುವುದೆಂಬ ಯೋಜನೆಯನ್ನೂ ಅದೇ ದಿನ ಮಾಡಿಟ್ಟುಕೋ. ಜಾರುವುದು ಪಾಪವಲ್ಲ, ಮುಂದಿನ ಪಾಠಕ್ಕೆ ಮಾಹಿತಿ. ಜೋಳಿಗೆ ಹಿಡಿಯುವವರು ಈ ಎರಡನೆಯ ಮಾತನ್ನೂ ಹೇಳುವಂತಾದರೆ ಕುಡಿತ ಬಿಡುವವರಿಗೂ ಒಳ್ಳೆಯದೇ.

ಮಠಗಳನ್ನು ದೂರವಿಡಬೇಕೆಂದು ಇದರಿಂದ ಯಾರೂ ತೀರ್ಮಾನಿಸಬೇಕಿಲ್ಲ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ಬಂದು ತಂಗಿದ್ದ 31 ಮನೋರೋಗಿಗಳನ್ನು ಅಳೆದು 2002ರಲ್ಲಿ ಬರೆದರು: ಔಷಧಿಯಿಲ್ಲ, ವಿಶೇಷ ಪೂಜೆಯಿಲ್ಲ, ಗುಡಿಯ ಸಣ್ಣಪುಟ್ಟ ಕೆಲಸ ಮಾಡುತ್ತ ಕೆಲವು ವಾರ ಇದ್ದವರ ಲಕ್ಷಣಗಳು ಸುಮಾರು ಶೇ. 20ರಷ್ಟು ಇಳಿದಿದ್ದವು. ಯಾರೂ ಬೈಯದ ಜಾಗ, ಕೈಗೆ ಕೆಲಸ, ಹೊತ್ತಿಗೆ ಊಟ. ಮುಂಚಿನ ವರ್ಷವಷ್ಟೇ ಅದೇ ರಾಜ್ಯದ ಏರ್ವಾಡಿಯಲ್ಲಿ ಸರಪಳಿ ಹಾಕಿದ್ದ 28 ರೋಗಿಗಳು ಬೆಂಕಿಯಲ್ಲಿ ಸತ್ತಿದ್ದರು. ಆಶ್ರಯವೂ ಸೆರೆಯೂ ಅಕ್ಕಪಕ್ಕದಲ್ಲೇ ಇರುತ್ತವೆ. ವೈದ್ಯರು ಬಂದುಹೋಗುತ್ತಿದ್ದರೆ ಸೆರೆಯಾಗುವುದು ಕಷ್ಟ.

ಜಿಲ್ಲೆಯಲ್ಲಿ ವೈದ್ಯರ ಕಡೆ ಏನಿದೆ? ಬಾಗಲಕೋಟೆಯ ನವನಗರದಲ್ಲಿ ಬಿವಿವಿ ಸಂಘದ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜು ಇದೆ, ಅದರ ಆಸ್ಪತ್ರೆಯ ಹೆಸರು ಹಾನಗಲ್ ಶ್ರೀ ಕುಮಾರೇಶ್ವರ. ಶಿವಯೋಗಮಂದಿರ ಕಟ್ಟಿದ ಅದೇ ಸ್ವಾಮಿಗಳು. ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಈ ಕಾರ್ಯಕ್ರಮದ ಮೊದಲ ಮಾದರಿ ದೇಶಕ್ಕೆ ಸಿಕ್ಕಿದ್ದು ನಮ್ಮ ಬಳ್ಳಾರಿಯಿಂದಲೇ. 2014ರಿಂದ ‘ಮನೋಚೈತನ್ಯ’ದ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಓಪಿಡಿ. ದೊಡ್ಡ ಆಸ್ಪತ್ರೆಯೆಂದರೆ ಧಾರವಾಡದ ಡಿಮ್ಹಾನ್ಸ್. 2022ರ ಅಕ್ಟೋಬರ್‌ನಿಂದ ಟೆಲಿ-ಮನಸ್ ಸಹಾಯವಾಣಿ, 14416, ಕನ್ನಡದಲ್ಲಿ, ದಿನದ 24 ತಾಸು, ಉಚಿತ. ಓಪಿಡಿಯ ಸಾಲಿನಲ್ಲಿ ಒಬ್ಬ ರೋಗಿಗೆ ಸಿಗುವ ಹೊತ್ತು ಚೀಟಿ ಬರೆಯಲು ಸಾಕು, ಮಾತಿಗೆ ಸಾಲದು. ಹಾಗಾಗಿ ಈ ಕಾಯಿಲೆ ‘ಖಿನ್ನತೆ’ ಎಂದು ದಾಖಲಾಗಿ ಮಾತ್ರೆಯೊಡನೆ ಮನೆಗೆ ಮರಳುವುದೇ ಹೆಚ್ಚು. ಆದರೆ ಟೊರಾಂಟೋದ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ವರ್ಷದ ಡಿಬಿಟಿ ತಂಡ ಬಾದಾಮಿಗೆ ಬರುವುದು ದೂರದ ಮಾತು. ಕಾಯಿಲೆಯ ಹೆಸರನ್ನು ರೋಗಿಗೂ ಮನೆಯವರಿಗೂ ಹೇಳಿ, ಇದು ಹಟವಲ್ಲ, ಇಳಿಯುವ ಕಾಯಿಲೆ ಎಂದು ವಿವರಿಸಿ, ಬಿಕ್ಕಟ್ಟಿನ ಯೋಜನೆ ಒಂದು ಹಾಳೆಯಲ್ಲಿ ಬರೆದುಕೊಟ್ಟು, ‘ಬರೋ ಮಂಗಳವಾರ ನಾನೇ ಇರ್ತೇನಿ’ ಎಂದು ಹೇಳಿ ಅದರಂತೆ ಇರುವ ಒಬ್ಬ ವೈದ್ಯರೋ ಆಪ್ತಸಮಾಲೋಚಕರೋ ದೂರದ ಮಾತಲ್ಲ. ಅಷ್ಟಾದ ಮೇಲೆ ಮೂರು ನಿಮಿಷದ, ಕಣ್ಣು ತೆರೆದ ಧ್ಯಾನ ಕಲಿಸಲಿ.

ಆ ಹಾಳೆಯ ಮೊದಲ ಸಾಲು ಧ್ಯಾನದ್ದಲ್ಲ, ಎಣ್ಣಿಯದು. ಬೆಳೆಗೆ ಹೊಡೆಯುವ ಔಷಧಿಗೆ ನಮ್ಮ ಕಡೆ ಎಣ್ಣಿ ಎನ್ನುತ್ತಾರೆ. ಅದು ಹಲವು ಮನೆಗಳಲ್ಲಿ ಕೈಗೆಟುಕುವಲ್ಲೇ ಇರುತ್ತದೆ. ಬಾರ್ಡರ್‌ಲೈನ್‌ನ ಸಾವಿನ ಯತ್ನಗಳಲ್ಲಿ ಎಷ್ಟೋ ಗಳಿಗೆಯ ದುಡುಕು. ಪಟ್ಟಣದಲ್ಲಿ ಆ ಗಳಿಗೆ ದಾಟಿದ ಹುಡುಗಿ ಚಿಕಿತ್ಸೆಗೆ ಬರುತ್ತಾಳೆ, ಹಳ್ಳಿಯಲ್ಲಿ ಅದೇ ಗಳಿಗೆ ಜೀವ ಒಯ್ಯುತ್ತದೆ. ಶ್ರೀಲಂಕಾ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿ 1995ರಿಂದ 2015ರ ಹೊತ್ತಿಗೆ ಆತ್ಮಹತ್ಯೆಯ ಪ್ರಮಾಣವನ್ನು ಶೇ. 70ರಷ್ಟು ಇಳಿಸಿತು. ಡಬ್ಬಿಯನ್ನು ಬೀಗದೊಳಗಿಟ್ಟು, ಕೀಲಿಕೈ ಬೇರೆಯವರ ಹತ್ತಿರವಿದ್ದರೆ ಉಸಿರು ನೋಡುವ ಆ ಸಂದಿಗೆ ಅರ್ಥ ಬರುತ್ತದೆ. ಯತ್ನಿಸಿ ಉಳಿದವರನ್ನು ಆಸ್ಪತ್ರೆಗೆ ಒಯ್ಯಲು ಪೊಲೀಸ್ ಕೇಸಿಗೆ ಹೆದರುವ ಕಾಲವೂ ಹೋಗಿದೆ. 2018ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು ಎನ್ನುತ್ತದೆ, ಅವರಿಗೆ ಚಿಕಿತ್ಸೆ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ.

ಮಠಗಳು ಕೈಹಾಕಬಹುದಾದ ಒಂದು ಕೆಲಸವಿದೆ, ಅದು ರೋಗಿಗಳಿಗಲ್ಲ, ಮನೆಯವರಿಗೆ. ಅಮೆರಿಕದಲ್ಲಿ ಪೆರ್ರಿ ಹಾಫ್‌ಮನ್ ಮತ್ತು ಅಲನ್ ಫ್ರುಜೆಟ್ಟಿ ರೂಪಿಸಿದ ‘ಫ್ಯಾಮಿಲಿ ಕನೆಕ್ಷನ್ಸ್’ ಹನ್ನೆರಡು ವಾರದ ಪಾಠ. ಅದನ್ನು ಮನೋವೈದ್ಯರೇ ನಡೆಸಬೇಕೆಂದಿಲ್ಲ, ತರಬೇತಿ ಪಡೆದ ಬೇರೆ ರೋಗಿಗಳ ತಂದೆತಾಯಂದಿರೇ ನಡೆಸುತ್ತಾರೆ. ಕಾಯಿಲೆ ಎಂದರೇನು, ಸಿಟ್ಟು ಏರಿದಾಗ ಎದುರು ಮಾತಾಡದೆ ಹೇಗಿರುವುದು, ‘ನಿನಗ ಹಂಗ ಅನಿಸಿದ್ದು ಖರೇ ಐತಿ’ ಎಂದು ಒಪ್ಪುತ್ತಲೇ ತಪ್ಪಿಗೆ ಒಪ್ಪದಿರುವುದು ಹೇಗೆ ಎಂಬುದನ್ನು ಕಲಿಸುತ್ತಾರೆ. ಅದರಲ್ಲೂ ಧ್ಯಾನ ಬರುತ್ತದೆ, ಈ ಸಲ ಕೂಡಬೇಕಾದವರು ಅಪ್ಪ-ಅವ್ವ. ಹನ್ನೆರಡು ವಾರ ಇಪ್ಪತ್ತು ಜನ ಕೂಡಲು ಒಂದು ಪಡಸಾಲೆ ಬೇಕು. ಬಾದಾಮಿ, ಹುನಗುಂದ, ಇಳಕಲ್ಲಿನ ಯಾವ ಮಠದಲ್ಲೂ ಅದಕ್ಕೆ ಕೊರತೆಯಿಲ್ಲ. ಪಾಠವನ್ನು ಈ ಸೀಮೆಯ ಮಾತಿನಲ್ಲಿ ಬರೆದುಕೊಡುವುದು, ಮೊದಲ ಇಬ್ಬರು ತಾಯಂದಿರಿಗೆ ತರಬೇತಿ ಕೊಡುವುದು ನವನಗರದ ಮನೋವೈದ್ಯ ವಿಭಾಗಕ್ಕೋ ಡಿಮ್ಹಾನ್ಸಿಗೋ ಸೇರಿದ ಕೆಲಸ.